ಸೆರಾಮಿಕ್ ತಲೆ, ಲೋಹದ ಮೈ: ಪಿಸ್ಟನ್ ಒಳಗಿನ ಅರ್ಧ ಮಿಲಿಮೀಟರ್ ಜಗಳ

1980ರ ದಶಕದ ಆರಂಭ. ಅಮೆರಿಕದಲ್ಲಿ ಐದು ಟನ್‌ನ ಒಂದು ಮಿಲಿಟರಿ ಟ್ರಕ್ ರಸ್ತೆಗಿಳಿಯಿತು. ಬಾನೆಟ್ ಎತ್ತಿದರೆ ರೇಡಿಯೇಟರ್ ಇಲ್ಲ. ಫ್ಯಾನ್ ಇಲ್ಲ, ವಾಟರ್ ಪಂಪ್ ಇಲ್ಲ, ಹೋಸ್ ಪೈಪುಗಳೂ ಇಲ್ಲ. ಕಮ್ಮಿನ್ಸ್ ಕಂಪನಿಯ ರಾಯ್ ಕಾಮೊ ಮತ್ತು ಅಮೆರಿಕ ಸೇನೆಯ ವಾಹನ ವಿಭಾಗದ ವಾಲ್ಟರ್ ಬ್ರಿಝಿಕ್ ಸೇರಿ ನಡೆಸುತ್ತಿದ್ದ ಯೋಜನೆ ಅದು. ಇಂಜಿನ್ನಿನ ಒಳಗೆ ಬೆಂಕಿ ತಾಗುವ ಜಾಗಕ್ಕೆಲ್ಲ ಸೆರಾಮಿಕ್, ಅಂದರೆ ಪಿಂಗಾಣಿ ಜಾತಿಯ ವಸ್ತು, ಹೊದಿಸಿ, ಬಿಸಿ ಹೊರಗೆ ಸೋರದಂತೆ ತಡೆಯುವುದು ಅವರ ಉದ್ದೇಶ. ಬಿಸಿ ಸೋರದಿದ್ದರೆ ತಣ್ಣಗೆ ಮಾಡುವ ವ್ಯವಸ್ಥೆಯಾದರೂ ಯಾಕೆ ಬೇಕು ಅಂತ.

ಆಸೆ ಹುಟ್ಟಿದ್ದು ಒಂದು ಸರಳ ಲೆಕ್ಕದಿಂದ. ಇಂಜಿನ್ನಿಗೆ ಹಾಕಿದ ಡೀಸೆಲ್‌ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಚಕ್ರ ತಿರುಗಿಸುತ್ತದೆ. ಇನ್ನೊಂದು ಭಾಗ ಸೈಲೆನ್ಸರ್‌ನಲ್ಲಿ ಹೊರಟುಹೋಗುತ್ತದೆ. ಉಳಿದದ್ದು ಸಿಲಿಂಡರ್ ಗೋಡೆ, ಪಿಸ್ಟನ್, ನೀರಿನ ಮೂಲಕ ರೇಡಿಯೇಟರ್ ಸೇರಿ ಗಾಳಿಪಾಲು. ದುಡ್ಡು ಕೊಟ್ಟು ಹಾಕಿಸಿದ ಎಣ್ಣೆಯಲ್ಲಿ ಇಷ್ಟು ಭಾಗ ಸುಮ್ನೆ ಗಾಳಿ ಬಿಸಿ ಮಾಡೋಕೆ ಹೋಗುತ್ತದೆ ಅಂದರೆ ಯಾವ ಇಂಜಿನಿಯರ್‌ಗೂ ಹೊಟ್ಟೆ ಉರಿಯುತ್ತೆ, ಅಲ್ವಾ?

ಆ ಸೋರಿಕೆಯ ದೊಡ್ಡ ಬಾಗಿಲುಗಳಲ್ಲಿ ಒಂದು, ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್‌ನ ತಲೆ. ಅದನ್ನು ಸೆರಾಮಿಕ್‌ನಲ್ಲಿ ಮಾಡಿ, ಕೆಳಗಿನ ಮೈಯನ್ನು ಎಂದಿನಂತೆ ಲೋಹದಲ್ಲಿ ಉಳಿಸಿಕೊಂಡರೆ ಆಯಿತು. ಕೇಳಲು ಎಷ್ಟು ಸಲೀಸು! ಕಷ್ಟವೆಲ್ಲ ಇದ್ದದ್ದು ಇವೆರಡೂ ಸೇರುವ ಜಾಗದಲ್ಲಿ.

ಪೂರ್ತಿ ಪಿಸ್ಟನ್ನನ್ನೇ ಸೆರಾಮಿಕ್‌ನಲ್ಲಿ ಮಾಡಬಾರದೇ ಅಂತ ಕೇಳಬಹುದು. ಪಿಸ್ಟನ್‌ನ ಕೆಳಭಾಗಕ್ಕೆ ಬೇರೆ ಕೆಲಸಗಳಿವೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಜೋಡಿಸುವ ಗಜನ್ ಪಿನ್ ಹಿಡಿದುಕೊಳ್ಳಬೇಕು, ಸಿಲಿಂಡರ್ ಗೋಡೆಗೆ ಒರಗಿ ಜಾರಬೇಕು, ಕನೆಕ್ಟಿಂಗ್ ರಾಡ್ ವಾಲಿಸಿದಾಗ ಪಕ್ಕದಿಂದ ಬೀಳುವ ಪೆಟ್ಟು ತಿನ್ನಬೇಕು. ಪೆಟ್ಟು ತಿನ್ನುವ ಕೆಲಸಕ್ಕೆ ಲೋಹವೇ ಸರಿ. ಲೋಹ ಸ್ವಲ್ಪ ಬಗ್ಗುತ್ತದೆ, ತಗ್ಗುತ್ತದೆ, ಆದರೂ ಹಿಡಿದುಕೊಂಡಿರುತ್ತದೆ. ಸೆರಾಮಿಕ್‌ಗೆ ಬಗ್ಗುವುದು ಗೊತ್ತಿಲ್ಲ. ಒಳಗೆಲ್ಲೋ ಕಣ್ಣಿಗೆ ಕಾಣದಷ್ಟು ಸಣ್ಣ ದೋಷವಿದ್ದರೆ ಸಾಕು, ಎಳೆತ ಮಿತಿ ಮೀರಿದ ಕ್ಷಣ ಅಲ್ಲಿಂದ ಬಿರುಕು ಹೊರಟು ಪಟ್ ಅಂತ ಒಡೆಯುತ್ತದೆ. ಆದರೆ ಅದನ್ನು ಎಳೆಯುವ ಬದಲು ಅಮುಕಿದರೆ ಕಥೆಯೇ ಬೇರೆ. ಎಳೆತಕ್ಕಿಂತ ಹಲವು ಪಟ್ಟು ಜಾಸ್ತಿ ಒತ್ತಡವನ್ನು ಅದು ನಿರಾಯಾಸವಾಗಿ ತಡೆಯುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಬೆಸುಗೆ ಎಂಥ ಜಾಗದಲ್ಲಿ ಬದುಕಬೇಕು ಅನ್ನುವುದನ್ನೂ ನೋಡೋಣ. 80 ಮಿ.ಮೀ. ಅಗಲದ ಡೀಸೆಲ್ ಪಿಸ್ಟನ್ ಅಂತ ಇಟ್ಟುಕೊಳ್ಳಿ. ಇಂಧನ ಹೊತ್ತಿಕೊಂಡಾಗ ಒಳಗಿನ ಒತ್ತಡ 150 ಬಾರ್‌ನಷ್ಟು, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು, ಏರಿದರೆ, ಆ ಪುಟ್ಟ ತಲೆಯ ಮೇಲೆ ಬೀಳುವ ಭಾರ ಸುಮಾರು ಏಳೂವರೆ ಟನ್. ಇಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು, ತಿರುಗುತ್ತಿದ್ದರೆ ಎರಡು ಸುತ್ತಿಗೊಮ್ಮೆಯಂತೆ ಇದು ಸೆಕೆಂಡಿಗೆ 25 ಸಲ. ಉರಿಯುವ ಅನಿಲದ ಬಿಸಿ 2000 ಡಿಗ್ರಿ ದಾಟುತ್ತದೆ.

ಒತ್ತುವ ಭಾರ ಅಷ್ಟೇನೂ ತೊಂದರೆಯಲ್ಲ, ಯಾಕೆಂದರೆ ಅದು ತಲೆಯನ್ನು ಮೈಗೆ ಇನ್ನಷ್ಟು ಅಮುಕುತ್ತದೆ. ತೊಂದರೆ ಕೊಡುವುದು ಹೊಗೆ ಹೊರಹಾಕುವ ಹೊಡೆತ. ಪಿಸ್ಟನ್ ಮೇಲಕ್ಕೆ ರಭಸದಿಂದ ಬಂದು ತಟ್ಟನೆ ನಿಂತು ವಾಪಸ್ ತಿರುಗುವಾಗ ತಲೆ ಮಾತ್ರ ಮೇಲಕ್ಕೇ ಹೋಗಲು ನೋಡುತ್ತದೆ. ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ, ಅಂದರೆ ಸ್ಟ್ರೋಕ್, 90 ಮಿ.ಮೀ. ಅಂತ ಹಿಡಿದು ಲೆಕ್ಕ ಹಾಕಿದರೆ, 100 ಗ್ರಾಂ ತೂಕದ ಸೆರಾಮಿಕ್ ತಲೆ ಆ ಕ್ಷಣಕ್ಕೆ ಸುಮಾರು 58 ಕಿಲೋ ಭಾರದಷ್ಟು ಜೋರಾಗಿ ಜಗ್ಗುತ್ತದೆ. ಕಿತ್ತುಕೊಂಡು ಬಂದರೆ ಸಿಲಿಂಡರ್, ವಾಲ್ವ್, ಎಲ್ಲವೂ ಪುಡಿ.

ಆದರೂ ಅಸಲಿ ಶತ್ರು ಇದ್ಯಾವುದೂ ಅಲ್ಲ. ಒಳ್ಳೆಯ ಬೆಸುಗೆಗೆ 58 ಕಿಲೋ ಒಂದು ಲೆಕ್ಕವೇ ಅಲ್ಲ. ಇಂಜಿನ್ ಸ್ಟಾರ್ಟ್ ಆಗುವ ಮೊದಲೇ, ಪಿಸ್ಟನ್ ಇನ್ನೂ ಮೇಜಿನ ಮೇಲೆ ತಣ್ಣಗೆ ಕೂತಿರುವಾಗಲೇ ಅದನ್ನು ಒಡೆಯುವ ಶಕ್ತಿ ಬೇರೆಯೇ ಇದೆ.

ಬಿಸಿಯಾದರೆ ಎಲ್ಲವೂ ಹಿಗ್ಗುತ್ತದೆ, ಆದರೆ ಒಂದೇ ಸಮನಾಗಿ ಅಲ್ಲ. ಒಂದು ಮೀಟರ್ ಉದ್ದದ ಪಟ್ಟಿಯನ್ನು ನೂರು ಡಿಗ್ರಿ ಬಿಸಿ ಮಾಡಿ. ಪಿಸ್ಟನ್ನಿಗೆ ಬಳಸುವ ಅಲ್ಯುಮಿನಿಯಂ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಬೀಡು ಕಬ್ಬಿಣ ಮತ್ತು ಉಕ್ಕು 1.2 ಮಿ.ಮೀ. ಆಸುಪಾಸು. ಸಿಲಿಕಾನ್ ನೈಟ್ರೈಡ್ ಅನ್ನುವ ಸೆರಾಮಿಕ್ ಬರೀ 0.3 ಮಿ.ಮೀ.

ಈಗ 80 ಮಿ.ಮೀ. ಅಗಲದ ಸಿಲಿಕಾನ್ ನೈಟ್ರೈಡ್ ಬಿಲ್ಲೆಯನ್ನು ಅಷ್ಟೇ ಅಗಲದ ಬೀಡು ಕಬ್ಬಿಣಕ್ಕೆ ಬೆಳ್ಳಿಯ ಬೆಸುಗೆ ಹಾಕಿ ಕೂರಿಸಿದಿರಿ ಅಂತಿಟ್ಟುಕೊಳ್ಳಿ. ಬೆಸುಗೆ ಗಟ್ಟಿಯಾಗುವುದು 780 ಡಿಗ್ರಿ ಹತ್ತಿರ. ಆ ಕ್ಷಣದಲ್ಲಿ ಎರಡಕ್ಕೂ ಜಗಳವಿಲ್ಲ, ಅಳತೆ ಸರಿಸಮ. ಅಲ್ಲಿಂದ 30 ಡಿಗ್ರಿಗೆ ಆರುವಾಗ ಸೆರಾಮಿಕ್ 0.18 ಮಿ.ಮೀ. ಕುಗ್ಗಲು ಬಯಸುತ್ತದೆ, ಕಬ್ಬಿಣ 0.72 ಮಿ.ಮೀ. ವ್ಯತ್ಯಾಸ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ಇಬ್ಬರೂ ಅಂಟಿಕೊಂಡಿದ್ದಾರೆ, ಬೇರೆ ಬೇರೆ ಅಳತೆಗೆ ಹೋಗುವಂತಿಲ್ಲ.

ಅರ್ಧ ಮಿಲಿಮೀಟರ್ ತಾನೇ ಅನ್ನಬೇಡಿ. ಸೆರಾಮಿಕ್ ತುಂಬ ಬಿಗಿ ವಸ್ತು. ಈ ಅರ್ಧ ಮಿಲಿಮೀಟರ್‌ನ ಹೊರೆಯೆಲ್ಲ ಅದರ ಮೇಲೇ ಬಿದ್ದರೆ ಸುಮಾರು 2000 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಅಂದರೆ 10 ಬಾರ್) ಒತ್ತಡ ಹುಟ್ಟುತ್ತದೆ. ಒಳ್ಳೆ ದರ್ಜೆಯ ಸಿಲಿಕಾನ್ ನೈಟ್ರೈಡ್ ಪಟ್ಟಿಯನ್ನು ಬಗ್ಗಿಸಿದರೆ 700-800ರ ಹೊತ್ತಿಗೇ ಮುರಿಯುತ್ತದೆ. ನಿಜದಲ್ಲಿ ಲೋಹವೂ ಸ್ವಲ್ಪ ಹಿಗ್ಗಿ ಹೊರೆ ಹಂಚಿಕೊಳ್ಳುತ್ತದೆ, ಹಾಗಾಗಿ ಪೂರ್ತಿ 2000 ಬೀಳುವುದಿಲ್ಲ. ಆದರೂ ಮಿತಿ ಮೀರಲು ಬೇಕಾದಷ್ಟು ಉಳಿಯುತ್ತದೆ.

ಇಡೀ ಕಥೆ ಇರುವುದು ಇಲ್ಲೇ. ಸೆರಾಮಿಕ್‌ಗೂ ಲೋಹಕ್ಕೂ ಅಂಟು ಸಿಗುವುದಿಲ್ಲ ಅನ್ನುವುದು ಸಮಸ್ಯೆಯಲ್ಲ, ಅಂಟು ಸಿಗುತ್ತದೆ. ಈ ಅರ್ಧ ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಇಂಜಿನಿಯರ್‌ಗಳು ಕಂಡುಹಿಡಿದ ಒಂದೊಂದು ವಿಧಾನವೂ ಇದೇ ಪ್ರಶ್ನೆಗೆ ಒಂದೊಂದು ಉತ್ತರ.

ಮೊದಲ ಉತ್ತರ: ಅಂಟಿಸಲೇ ಬೇಡಿ, ಬಿಗಿಯಾಗಿ ಹಿಡಿದುಕೊಳ್ಳಿ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಚಕ್ರಕ್ಕಿಂತ ಒಂಚೂರು ಚಿಕ್ಕದಾದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಚಕ್ರದ ಮೇಲೆ ಕೂರಿಸಿ ನೀರು ಸುರಿದರೆ ಪಟ್ಟಿ ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತದೆ. ಪಿಸ್ಟನ್‌ನಲ್ಲೂ ಅದೇ. ಸೆರಾಮಿಕ್ ತಲೆಯ ಕೆಳಗೆ ಒಂದು ಗೂಟದಂಥ ಭಾಗ ಬಿಟ್ಟು, ಅದಕ್ಕೆ ಕಾಯಿಸಿದ ಉಕ್ಕಿನ ಬಳೆ ತೊಡಿಸುತ್ತಾರೆ. ಬಳೆ ಆರಿದಾಗ ಸೆರಾಮಿಕ್‌ನ ಮೇಲೆ ಬೀಳುವುದು ಎಳೆತವಲ್ಲ, ಅಮುಕು. ಆಗಲೇ ಹೇಳಿದೆನಲ್ಲ, ಅಮುಕುವುದೆಂದರೆ ಸೆರಾಮಿಕ್‌ಗೆ ಸುಖ. ಶತ್ರುವನ್ನೇ ಕೆಲಸಕ್ಕೆ ಹಚ್ಚಿದ ಹಾಗೆ.

ನಿಮ್ಮ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಬಿಳಿ ಭಾಗ ಅಲ್ಯುಮಿನಾ ಸೆರಾಮಿಕ್, ಸ್ಪ್ಯಾನರ್ ಕೂರುವ ಭಾಗ ಉಕ್ಕು. ಇವೆರಡರ ನಡುವೆ ಬೆಸುಗೆ ಇಲ್ಲ. ಉಕ್ಕಿನ ಮೇಲಂಚನ್ನು ಸೆರಾಮಿಕ್‌ನ ಭುಜದ ಮೇಲೆ ಮಡಚಿ ಒತ್ತಿರುತ್ತಾರೆ. ಎಷ್ಟೋ ಪ್ಲಗ್‌ಗಳಲ್ಲಿ ಷಟ್ಕೋನದ ಹತ್ತಿರ ಒಂದು ತೆಳುವಾದ ಕತ್ತು ಕಾಣಿಸುತ್ತದೆ. ಮಡಚುವಾಗ ಆ ಕತ್ತನ್ನು ಕರೆಂಟ್ ಹಾಯಿಸಿ ಕಾಯಿಸುತ್ತಾರೆ. ಆರುವಾಗ ಅದು ಕುಗ್ಗಿ ಇಡೀ ಜೋಡಣೆಯನ್ನು ಬಿಗಿಯುತ್ತದೆ. ಕೆಲವೇ ನೂರು ರೂಪಾಯಿಯ ಈ ಸಾಮಾನು ಇಂಜಿನ್ನಿನ ಬೆಂಕಿಯಲ್ಲಿ ವರ್ಷಗಟ್ಟಲೆ ಸೋರದೆ ನಿಲ್ಲುತ್ತದೆ.

ಹಾಗಾದರೆ ಪಿಸ್ಟನ್‌ಗೂ ಇಷ್ಟೇ ಸಾಕಲ್ಲ? ಇಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. 60 ಮಿ.ಮೀ. ದಪ್ಪದ ಸೆರಾಮಿಕ್ ಗೂಟಕ್ಕೆ 0.1 ಮಿ.ಮೀ. ಚಿಕ್ಕದಾದ ಉಕ್ಕಿನ ಬಳೆ ತೊಡಿಸಿದಿರಿ. ತಣ್ಣಗಿರುವಾಗ ಭದ್ರ. ಇಂಜಿನ್ ಓಡಿ ಆ ಜಾಗ 300 ಡಿಗ್ರಿಗೆ ಬಂದಾಗ ಬಳೆ ಸುಮಾರು 0.19 ಮಿ.ಮೀ. ಹಿಗ್ಗಿತು, ಗೂಟ 0.05 ಮಾತ್ರ. ವ್ಯತ್ಯಾಸ 0.14. ನಾವು ಕೊಟ್ಟಿದ್ದ ಬಿಗಿಯೇ 0.1! ಯಾವಾಗ ಗಟ್ಟಿಯಾಗಿ ಹಿಡಿಯಬೇಕೋ ಆಗಲೇ ಬಳೆ ಕೈಬಿಟ್ಟಿತು. ಬಿಗಿಯನ್ನು 0.25ಕ್ಕೆ ಏರಿಸೋಣ ಅಂದರೆ ಸಾಧಾರಣ ಉಕ್ಕು ತಣ್ಣಗಿರುವಾಗಲೇ ಅಷ್ಟು ಎಳೆತ ತಡೆಯಲಾರದೆ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಅಲ್ಯುಮಿನಿಯಂ ಬಳೆಯಾದರೆ ಕೇಳಲೇಬೇಡಿ.

ಇದಕ್ಕೆ ಸಿಕ್ಕ ದಾರಿ ಬೇರೆ ಲೋಹ. ಇಂಕೊಲಾಯ್ 903 ಅಂತ ಒಂದು ಕಬ್ಬಿಣ-ನಿಕ್ಕಲ್-ಕೋಬಾಲ್ಟ್ ಮಿಶ್ರಲೋಹವಿದೆ. ಅದು ಮೀಟರಿಗೆ, ನೂರು ಡಿಗ್ರಿಗೆ ಸುಮಾರು 0.75 ಮಿ.ಮೀ. ಮಾತ್ರ ಹಿಗ್ಗುತ್ತದೆ. ಅದರ ಬಳೆ ಹಾಕಿದರೆ 300 ಡಿಗ್ರಿಯಲ್ಲೂ ಸ್ವಲ್ಪ ಬಿಗಿ ಉಳಿಯುತ್ತದೆ. ಬೆಲೆ ಮಾತ್ರ ಉಕ್ಕಿಗಿಂತ ಬಹಳ ಜಾಸ್ತಿ. ಇದರಲ್ಲಿ ಇನ್ನೊಂದು ಜಾಣತನವಿದೆ. ಒಮ್ಮೆ ಸೆರಾಮಿಕ್‌ಗೆ ಲೋಹದ ಬಳೆ ಕೂತರೆ, ಆ ಬಳೆಯನ್ನು ಪಿಸ್ಟನ್ ಮೈಗೆ ಸೇರಿಸುವುದು ಲೋಹಕ್ಕೂ ಲೋಹಕ್ಕೂ ಸಂಬಂಧಿಸಿದ ವಿಷಯವಾಗುತ್ತದೆ. ಅದರಲ್ಲಿ ಕಾರ್ಖಾನೆಗಳು ಪಳಗಿವೆ. ಥ್ರೆಡ್ ಹಾಕಬಹುದು, ಅದರ ಸುತ್ತ ಅಲ್ಯುಮಿನಿಯಂ ಎರಕ ಹೊಯ್ಯಬಹುದು. ಡೀಸೆಲ್ ಪಿಸ್ಟನ್‌ಗಳಲ್ಲಿ ಅನಿಲ ಸೋರದಂತೆ ತಡೆಯುವ ಮೇಲಿನ ರಿಂಗ್ ಕೂರುವ ತೋಡು ಸವೆಯಬಾರದು ಅಂತ ನೈ-ರೆಸಿಸ್ಟ್ ಅನ್ನುವ ನಿಕ್ಕಲ್ ಬೀಡಿನ ಬಳೆಯನ್ನು ಅಲ್ಯುಮಿನಿಯಂ ಒಳಗೇ ಎರಕ ಹೊಯ್ಯುವುದು ಬಹಳ ಹಳೆಯ ಪದ್ಧತಿ. ಆ ಬೀಡನ್ನೇ ಯಾಕೆ ಆರಿಸಿದರು ಗೊತ್ತಾ? ಅದು ಹೆಚ್ಚುಕಡಿಮೆ ಅಲ್ಯುಮಿನಿಯಂನಷ್ಟೇ ಹಿಗ್ಗುತ್ತದೆ.

ಎರಡನೇ ಉತ್ತರ ಬ್ರೇಝಿಂಗ್, ಅಂದರೆ ನಿಜವಾದ ಬೆಸುಗೆ. ಆಭರಣದ ಕೆಲಸದವರು ಬಳಸುವಂಥ ಬೆಳ್ಳಿ-ತಾಮ್ರದ ಬೆಸುಗೆಯನ್ನು ಸೆರಾಮಿಕ್ ಮೇಲೆ ಕರಗಿಸಿದರೆ ಅದು ಹರಡುವುದೇ ಇಲ್ಲ, ಗುಂಡಗೆ ಹನಿಯಾಗಿ ನಿಲ್ಲುತ್ತದೆ. ಅದಕ್ಕೆ ಚೂರೇ ಚೂರು, ಶೇಕಡಾ ಎರಡು-ಮೂರರಷ್ಟು, ಟೈಟೇನಿಯಂ ಬೆರೆಸಿದರೆ ಚಿತ್ರವೇ ಬದಲಾಗುತ್ತದೆ. ಟೈಟೇನಿಯಂ ಸೆರಾಮಿಕ್‌ನ ಮೇಲ್ಮೈಯಿಂದ ನೈಟ್ರೋಜನ್ ಕಿತ್ತುಕೊಂಡು ಟೈಟೇನಿಯಂ ನೈಟ್ರೈಡ್‌ನ ತೆಳು ಪದರ ಮಾಡಿಕೊಳ್ಳುತ್ತದೆ. ಆ ಪದರಕ್ಕೆ ಲೋಹದ ಗುಣ ಇರುವುದರಿಂದ ಕರಗಿದ ಬೆಳ್ಳಿ ಅದರ ಮೇಲೆ ಹಾಯಾಗಿ ಹರಡುತ್ತದೆ. ಇದನ್ನೆಲ್ಲ ನಿರ್ವಾತ ಕುಲುಮೆಯಲ್ಲಿ, 850 ಡಿಗ್ರಿ ಆಸುಪಾಸಿನಲ್ಲಿ ಮಾಡಬೇಕು. ಗಾಳಿಯಿದ್ದರೆ ಟೈಟೇನಿಯಂ ಸೆರಾಮಿಕ್ ಕಡೆ ತಿರುಗಿಯೂ ನೋಡದೆ ಆಕ್ಸಿಜನ್ ಜೊತೆ ಹೋಗಿಬಿಡುತ್ತದೆ. ಅಲ್ಯುಮಿನಿಯಂ 660 ಡಿಗ್ರಿಗೇ ಕರಗುವುದರಿಂದ ನೇರವಾಗಿ ಅದಕ್ಕೆ ಹೀಗೆ ಬೆಸುಗೆ ಹಾಕುವಂತಿಲ್ಲ. ಮೊದಲು ಉಕ್ಕು ಅಥವಾ ಬೀಡಿನ ತುಂಡಿಗೆ ಬೆಸೆದು, ಆಮೇಲೆ ಅದನ್ನು ಅಲ್ಯುಮಿನಿಯಂ ಮೈಗೆ ಸೇರಿಸಬೇಕು.

ಬೆಸುಗೆಯೇನೋ ಚೆನ್ನಾಗಿ ಹಿಡಿಯುತ್ತದೆ. ಆಗ ಒಡೆಯುವುದು ಎಲ್ಲಿ? ಬೆಸುಗೆಯಲ್ಲಲ್ಲ. ಆರುವಾಗ ಲೋಹ ಜಾಸ್ತಿ ಕುಗ್ಗಿ ಸೆರಾಮಿಕ್‌ನ ತಳವನ್ನು ಒಳಕ್ಕೆ ಎಳೆಯುತ್ತದೆ. ತಳವೇನೋ ಅಮುಕಿಸಿಕೊಂಡು ಸುಮ್ಮನಿರುತ್ತದೆ. ಆದರೆ ಬೆಸುಗೆಯ ಗೆರೆಗಿಂತ ಕೂದಲೆಳೆ ಮೇಲೆ, ಹೊರಗಿನ ಅಂಚಿನಲ್ಲಿ, ಎಳೆತ ಹುಟ್ಟಿಕೊಳ್ಳುತ್ತದೆ. ಬಿರುಕು ಅಲ್ಲಿಂದ ಹೊರಟು, ಸೆರಾಮಿಕ್‌ನ ಒಳಗೇ ಗುಮ್ಮಟದ ಹಾಗೆ ಬಾಗಿ, ಇನ್ನೊಂದು ಅಂಚಿಗೆ ಬಂದು ಸೇರುತ್ತದೆ. ಮುರಿದ ತುಂಡನ್ನು ನೋಡಿದರೆ ಲೋಹದ ಮೇಲೆ ಸೆರಾಮಿಕ್‌ನ ಒಂದು ಉಬ್ಬು ಬಿಲ್ಲೆ ಭದ್ರವಾಗಿ ಕೂತೇ ಇರುತ್ತದೆ. ಬೆಸುಗೆ ಗೆದ್ದಿದೆ, ಸೆರಾಮಿಕ್ ಸೋತಿದೆ.

ಅದಕ್ಕೇ ಅಂಚಿನ ಆಕಾರದ ಮೇಲೆ ಇಷ್ಟೊಂದು ತಲೆ ಕೆಡಿಸಿಕೊಂಡರು. ಚೂಪು ಮೂಲೆ ಬೇಡ, ದುಂಡಗೆ ಮಾಡಿ. ಲೋಹದ ತುದಿಯನ್ನು ತೆಳ್ಳಗೆ ಇಳಿಸಿ, ಅದೇ ಬಗ್ಗಲಿ. ನಡುವೆ ಒಂದು ಮೆದು ಲೋಹದ ತಗಡು ಇಡಿ. ತಾಮ್ರ ಮೆದು, ತಾನೇ ಜಗ್ಗಿಕೊಂಡು ಆ ಅರ್ಧ ಮಿಲಿಮೀಟರ್‌ನ ಒಂದಷ್ಟು ಪಾಲು ನುಂಗಿಕೊಳ್ಳುತ್ತದೆ. ಜೊತೆಗೆ ಟಂಗ್‌ಸ್ಟನ್ ತಗಡು ಇಟ್ಟರೆ ಇನ್ನೂ ವಾಸಿ. ಅದು ಮೀಟರಿಗೆ, ನೂರು ಡಿಗ್ರಿಗೆ ಹಿಗ್ಗುವುದು 0.45 ಮಿ.ಮೀ. ಮಾತ್ರ, ಸೆರಾಮಿಕ್‌ಗೆ ಹತ್ತಿರದ ನೆಂಟ. ಜಗಳ ಸೆರಾಮಿಕ್‌ನಿಂದ ಸರಿದು ಟಂಗ್‌ಸ್ಟನ್‌ಗೂ ಉಕ್ಕಿಗೂ ನಡುವೆ ನಡೆಯುತ್ತದೆ. ಆದರೆ ತಾಮ್ರಕ್ಕೂ ಸಹನೆಗೆ ಮಿತಿಯಿದೆ. ಪ್ರತಿ ಸ್ಟಾರ್ಟ್‌ಗೆ ಒಂದು ಕಡೆ, ಪ್ರತಿ ಆಫ್‌ಗೆ ಇನ್ನೊಂದು ಕಡೆ ಜಗ್ಗಿ ಜಗ್ಗಿ ಒಂದು ದಿನ ಅದೂ ದಣಿದು ಸೀಳುತ್ತದೆ.

ಬೋಲ್ಟ್ ಹಾಕಿ ಬಿಗಿಯುವ ದಾರಿಯನ್ನೂ ನೋಡಿದರು. ತಲೆ ಮತ್ತು ಮೈ ನಡುವೆ ಗಾಳಿಯ ಸಂದು ಬಿಡಬಹುದು, ಬಿಸಿ ಇನ್ನೂ ಚೆನ್ನಾಗಿ ತಡೆಯುತ್ತದೆ ಅನ್ನುವುದು ಅದರ ಲಾಭ. ಆದರೆ ಸೆರಾಮಿಕ್‌ಗೆ ತೂತು ಕೊರೆಯುವುದೆಂದರೆ ಬಿರುಕಿಗೆ ಜಾಗ ಕಾದಿರಿಸಿದ ಹಾಗೇ.

ಮೂರನೇ ಉತ್ತರ ನನಗೆ ಎಲ್ಲಕ್ಕಿಂತ ನೇರ ಅನ್ನಿಸುತ್ತದೆ: ಜಗಳವಾಡದ ಸೆರಾಮಿಕ್ ಆರಿಸಿಕೊಳ್ಳಿ. ಝಿರ್ಕೋನಿಯಾ ಮೀಟರಿಗೆ, ನೂರು ಡಿಗ್ರಿಗೆ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಬೀಡು ಕಬ್ಬಿಣದ 1.2ಕ್ಕೆ ಎಷ್ಟು ಹತ್ತಿರ ನೋಡಿ! ಅರ್ಧ ಮಿಲಿಮೀಟರ್ ಜಗಳ 0.12ಕ್ಕೆ ಇಳಿಯಿತು. ಬಿಸಿ ತಡೆಯುವುದರಲ್ಲೂ ಅದು ಸಿಲಿಕಾನ್ ನೈಟ್ರೈಡ್‌ಗಿಂತ ಹತ್ತು ಪಟ್ಟು ಮೇಲು. ಆದರೆ ತೂಕ ಹೆಚ್ಚುಕಡಿಮೆ ದುಪ್ಪಟ್ಟು, ಹಾಗಾಗಿ ಮೇಲೆ ಬಂದು ತಿರುಗುವಾಗ ಜಗ್ಗಾಟವೂ ದುಪ್ಪಟ್ಟು. ಬಿಸಿ ಏರಿದಂತೆ ಅದರ ಗಟ್ಟಿತನವೂ ಇಳಿಯುತ್ತದೆ. ಮೈಗೆ ಅಲ್ಯುಮಿನಿಯಂ ಬೇಕು ಅಂದರೆ ವ್ಯತ್ಯಾಸ ಮತ್ತೆ ದೊಡ್ಡದಾಗುತ್ತದೆ.

ಇಷ್ಟೆಲ್ಲ ಕಷ್ಟದ ನಡುವೆ ಇದೇ ಬೆಸುಗೆ ಬೇರೊಂದು ಕಡೆ ಗೆದ್ದಿತು. ನಿಸ್ಸಾನ್ 1985ರಲ್ಲಿ ಫೇರ್‌ಲೇಡಿ ಝಡ್ ಕಾರಿನ ಟರ್ಬೋಗೆ, ಅಂದರೆ ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನಕ್ಕೆ, ಸಿಲಿಕಾನ್ ನೈಟ್ರೈಡ್ ಚಕ್ರ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಅಲ್ಲೂ ಸೆರಾಮಿಕ್ ಚಕ್ರವನ್ನು ಉಕ್ಕಿನ ಶಾಫ್ಟ್‌ಗೆ ಸೇರಿಸಬೇಕಿತ್ತು. ಅದು ಸಾಧ್ಯವಾದದ್ದು ಹೇಗೆ? ಶಾಫ್ಟ್ ಬೆರಳಿನಷ್ಟೂ ದಪ್ಪವಿಲ್ಲ. ಮೊದಲಿನ ಲೆಕ್ಕವನ್ನೇ 10 ಮಿ.ಮೀ.ಗೆ ಹಾಕಿದರೆ ಜಗಳ 0.07 ಮಿ.ಮೀ. ಅದೂ ಅಲ್ಲದೆ ಬೆಸುಗೆಯನ್ನು ಬಿಸಿ ಚಕ್ರದಿಂದ ದೂರ, ತಣ್ಣಗಿರುವ ಕಡೆ ಇಡಬಹುದು. ಪಿಸ್ಟನ್‌ನಲ್ಲಿ ಈ ಎರಡು ಅನುಕೂಲವೂ ಇಲ್ಲ. ಹಾಗಂತ ಟರ್ಬೋ ಚಕ್ರ ಅಮರವಾಗಿರಲಿಲ್ಲ. ನಿಸ್ಸಾನ್‌ನ ಸ್ಕೈಲೈನ್ ಜಿಟಿ-ಆರ್ ಕಾರುಗಳ ಬೂಸ್ಟ್, ಅಂದರೆ ಟರ್ಬೋ ಗಾಳಿ ತುಂಬುವ ಒತ್ತಡ, ಏರಿಸಿ ಓಡಿಸಿದವರಿಗೆ ಸೆರಾಮಿಕ್ ಚಕ್ರ ಕಳಚಿಕೊಂಡು ಪುಡಿಯಾದ ಕಥೆ ಚೆನ್ನಾಗಿ ಗೊತ್ತು. ಜಪಾನಿನಲ್ಲಿ ಇಸುಝು ಮತ್ತು ಕ್ಯೋಸೆರಾ ಕಂಪನಿಗಳು ಸೆರಾಮಿಕ್ ಇಂಜಿನ್ನಿನ ಪೂರ್ತಿ ಕನಸಿನ ಬೆನ್ನು ಹತ್ತಿದ್ದೂ ಇದೇ ಕಾಲದಲ್ಲಿ.

ಆ ಕನಸಿಗೆ ದೊಡ್ಡ ಪೆಟ್ಟು ಬಿದ್ದದ್ದು ಬೆಸುಗೆಯಿಂದಲ್ಲ. 1987ರಲ್ಲಿ ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಗೆರ್‌ಹಾರ್ಡ್ ವೊಶ್ನಿ ಮತ್ತು ಸಂಗಡಿಗರು ಒಂದು ಮುಜುಗರದ ಪ್ರಶ್ನೆ ಕೇಳಿದರು: ಹೀಗೆ ಬಿಸಿ ತಡೆದರೆ ನಿಜಕ್ಕೂ ಡೀಸೆಲ್ ಉಳಿಯುತ್ತದಾ? ಅವರ ಅಳತೆಯಲ್ಲಿ ಖರ್ಚು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ದಪ್ಪ ಸೆರಾಮಿಕ್ ತಲೆ ಬೆಂಕಿಯ ಹೊತ್ತಲ್ಲಷ್ಟೇ ಬಿಸಿಯಾಗಿರುವುದಿಲ್ಲ, ಸದಾ ಬಿಸಿಯಾಗಿಯೇ ಇರುತ್ತದೆ. ಹೊಸ ಗಾಳಿ ಒಳಗೆ ಬಂದ ತಕ್ಷಣ ಅದಕ್ಕೆ ತಾಗಿ ಹಿಗ್ಗುತ್ತದೆ, ಸಿಲಿಂಡರ್‌ಗೆ ಗಾಳಿ ಕಡಿಮೆ ಹೋಗುತ್ತದೆ. ಉರಿಯುವ ರೀತಿಯೂ ಬದಲಾಗುತ್ತದೆ. ವೊಶ್ನಿಯವರ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ಆದರೆ ದಪ್ಪ ತಲೆ ಅಂಟಿಸುವ ಉಮೇದು ತಣ್ಣಗಾಯಿತು. ಬೆಸುಗೆಯ ಮೇಲೆ ಅಷ್ಟು ಬೆವರು ಸುರಿಸಿದವರಿಗೆ ಹೇಗನ್ನಿಸಿರಬೇಡ!

ಬೇಕಾಗಿದ್ದದ್ದು ಬೇರೆ ಥರದ ತಲೆ. ಬೆಂಕಿ ಹತ್ತಿದಾಗ ಥಟ್ಟನೆ ಬಿಸಿಯಾಗಬೇಕು, ಆಗ ಅನಿಲದಿಂದ ಬಿಸಿ ಕಸಿಯುವುದಿಲ್ಲ. ಹೊಸ ಗಾಳಿ ಬರುವಾಗ ಥಟ್ಟನೆ ತಣ್ಣಗಾಗಬೇಕು, ಆಗ ಗಾಳಿಯನ್ನು ಹಿಗ್ಗಿಸುವುದಿಲ್ಲ. ಅದಕ್ಕೆ ದಪ್ಪ ಬಿಲ್ಲೆಯಿಂದ ಪ್ರಯೋಜನವಿಲ್ಲ, ತುಂಬ ತೆಳುವಾದ, ಹಗುರವಾದ ಪದರ ಬೇಕು. ಟೊಯೋಟಾ 2015ರಲ್ಲಿ ತನ್ನ 2.8 ಲೀಟರ್‌ನ 1ಜಿಡಿ-ಎಫ್‌ಟಿವಿ ಡೀಸೆಲ್ ಇಂಜಿನ್ನಿನಲ್ಲಿ ಇದನ್ನು ಮಾಡಿತು. ಅಲ್ಯುಮಿನಿಯಂ ಪಿಸ್ಟನ್ ತಲೆಯನ್ನು ಆಮ್ಲದಲ್ಲಿ ಅದ್ದಿ ಕರೆಂಟ್ ಹಾಯಿಸಿ, ಅದರ ಮೈಮೇಲೆಯೇ ಅಲ್ಯುಮಿನಾದ ಪದರ ಬೆಳೆಸುತ್ತಾರೆ. ಕಿಟಕಿಯ ಅಲ್ಯುಮಿನಿಯಂ ಚೌಕಟ್ಟಿಗೆ ಅನೊಡೈಝ್ ಮಾಡುವ ಕೆಲಸವೇ ಇದು. ಆದರೆ ಇಲ್ಲಿ ಪದರದ ತುಂಬ ಸೂಕ್ಷ್ಮ ರಂಧ್ರಗಳನ್ನು ಬೇಕೆಂದೇ ಬಿಟ್ಟು, ಮೇಲಿನಿಂದ ಸಿಲಿಕಾ ತುಂಬಿ ಗಟ್ಟಿ ಮಾಡುತ್ತಾರೆ. ಉರಿಯುವಾಗ ಗೋಡೆಗೆ ಸೋರುವ ಬಿಸಿ ಸುಮಾರು ಶೇ. 30 ಕಡಿಮೆಯಾಗುತ್ತದೆ, ಇಂಜಿನ್ನಿನ ಗರಿಷ್ಠ ದಕ್ಷತೆ ಶೇ. 44 ಅಂತ ಕಂಪನಿ ಹೇಳಿಕೊಂಡಿತು. ಇದೇ ಕುಟುಂಬದ ಇಂಜಿನ್ ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್ ಕಾರಿನಲ್ಲೂ ಇದೆ.

ಅಲ್ಯುಮಿನಾಗೂ ಅಲ್ಯುಮಿನಿಯಂಗೂ ಹಿಗ್ಗುವುದರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸವಿದೆ. ಆದರೂ ಈ ಪದರ ಕಿತ್ತು ಬರುವುದಿಲ್ಲ. ಅದನ್ನು 780 ಡಿಗ್ರಿಯಲ್ಲಿ ಬೆಸೆದಿಲ್ಲ, ತಣ್ಣಗಿನ ದ್ರಾವಣದಲ್ಲಿ ಬೆಳೆಸಿದ್ದಾರೆ. ಹಾಗಾಗಿ ಆರುವಾಗಿನ ಕುಗ್ಗಾಟವೇ ಇಲ್ಲ. ಪದರ ತೆಳುವಾಗಿರುವುದರಿಂದ ಅಂಚಿನಲ್ಲಿ ಕೂಡಿಬೀಳುವ ಎಳೆತವೂ ಕಡಿಮೆ. ರಂಧ್ರಗಳಿರುವುದರಿಂದ ಅದು ಗಟ್ಟಿ ಸೆರಾಮಿಕ್‌ನಷ್ಟು ಬಿಗಿಯೂ ಅಲ್ಲ, ಲೋಹ ಹಿಗ್ಗಿದರೆ ಜೊತೆಗೆ ಒಂದಿಷ್ಟು ಹೊಂದಿಕೊಂಡು ಹೋಗುತ್ತದೆ.

ಇತ್ತ ಸಿಲಿಕಾನ್ ನೈಟ್ರೈಡನ್ನು ಲೋಹಕ್ಕೆ ಬೆಸೆಯುವ ವಿದ್ಯೆ ಡೀಸೆಲ್ ಕಾರುಗಳ ಗ್ಲೋ ಪ್ಲಗ್‌ನಲ್ಲಿ ನೆಲೆ ಕಂಡುಕೊಂಡಿತು. ಚಳಿಯಲ್ಲಿ ಇಂಜಿನ್ ಬೇಗ ಹತ್ತಲಿ ಅಂತ ಸಿಲಿಂಡರ್ ಒಳಗೆ ಕೆಂಪಗೆ ಕಾಯುವ ಪುಟ್ಟ ಕಡ್ಡಿ ಅದು. ಸೆರಾಮಿಕ್ ಗ್ಲೋ ಪ್ಲಗ್‌ಗಳಲ್ಲಿ ಸಿಲಿಕಾನ್ ನೈಟ್ರೈಡ್ ಕಡ್ಡಿಯನ್ನು ಲೋಹದ ಕೊಳವೆಯೊಳಗೆ ಬೆಸೆದಿರುತ್ತಾರೆ. ಕಡ್ಡಿಯ ದಪ್ಪ ಮೂರ್ನಾಲ್ಕು ಮಿ.ಮೀ. ಅಷ್ಟೇ. ಮೊದಲಿನ ಲೆಕ್ಕವನ್ನೇ ಅದಕ್ಕೂ ಹಾಕಿದರೆ ಜಗಳ 0.03 ಮಿ.ಮೀ. ದಾಟುವುದಿಲ್ಲ. ಅದರ ಮೇಲೆ ಕೊಳವೆ ಸುತ್ತಲಿಂದ ಕುಗ್ಗುವುದರಿಂದ ಸೆರಾಮಿಕ್‌ಗೆ ಸಿಗುವುದೂ ಅದು ತಡೆದುಕೊಳ್ಳಬಲ್ಲ ಅಮುಕೇ.